ಪರಿಹಾರವು ಭಿಕ್ಷೆಯಲ್ಲ

ಸವೆದ ಕೀಲಿಗೆ ಲೋಹದ ಕೀಲು, ಸೋತ ಹೃದಯಕ್ಕೆ ಪೇಸ್‌ಮೇಕರ್ ಎಂಬುದು ಇಂದು ಹಳ್ಳಿಯ ಮನೆಗಳಿಗೂ ಪರಿಚಿತವಾದ ಮಾತು. ಇವುಗಳಿಂದ ಅಸಂಖ್ಯ ಜನರು ಮತ್ತೆ ನಡೆದಾಡುವಂತಾಗಿರುವುದು ಸಂತೋಷದ ಸಂಗತಿ. ಆದರೆ ದೇಹದೊಳಗಿಟ್ಟ ವಸ್ತುವೇ ದೋಷಯುಕ್ತವಾಗಿದ್ದರೆ ರೋಗಿಯ ಗತಿಯೇನು?

ಕಳೆದ ಶ್ರಾವಣದಲ್ಲಿ ಪ್ರವಚನ ಮುಗಿದ ಬಳಿಕ ನಿವೃತ್ತ ಶಿಕ್ಷಕಿಯೊಬ್ಬರು ಕೋಲೂರಿಕೊಂಡು ನಮ್ಮಲ್ಲಿಗೆ ಬಂದರು. ಅವರಿಗೆ ಜೋಡಿಸಿದ ಮೊಣಕಾಲಿನ ಕೀಲು ಕೆಲವೇ ವರ್ಷಗಳಲ್ಲಿ ಸಡಿಲಗೊಂಡು ಎರಡನೆಯ ಶಸ್ತ್ರಚಿಕಿತ್ಸೆಯಾಗಿತ್ತು. "ಶಾಸ್ತ್ರಿಗಳೇ, ಪರಿಹಾರ ಕೇಳೋಣವೆಂದು ಮಗ ಹೇಳುತ್ತಾನೆ. ಪಟ್ಟ ನೋವನ್ನು ಹಣಕ್ಕೆ ಮಾರಿಕೊಂಡಂತಾಗುವುದಿಲ್ಲವೇ?" ಎಂದು ಕೇಳಿದರು.

ಈ ಸಂಕೋಚ ನಮ್ಮ ಅನೇಕ ಕುಟುಂಬಗಳಲ್ಲಿ ಉಂಟು. ಅದಕ್ಕೆ ಉತ್ತರವಾಗಿ ನಾವು ಒಂದು ಪ್ರಸಿದ್ಧ ಪ್ರಕರಣವನ್ನು ಅವರ ಮುಂದಿಟ್ಟೆವು.

ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆಗೆ ಸೇರಿದ ಡಿಪ್ಯೂ ಕಂಪನಿಯು ಎ.ಎಸ್.ಆರ್. ಎಂಬ ಸೊಂಟದ ಕೀಲನ್ನು ತಯಾರಿಸುತ್ತಿತ್ತು. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಕಣಗಳು ಸುತ್ತಲಿನ ಮಾಂಸಕ್ಕೂ ರಕ್ತಕ್ಕೂ ಸೇರುತ್ತಿದ್ದವು. ಐದು ವರ್ಷಗಳೊಳಗೆ ಸುಮಾರು ಎಂಟರಲ್ಲಿ ಒಬ್ಬರಿಗೆ ಮರುಶಸ್ತ್ರಚಿಕಿತ್ಸೆ ಬೇಕಾಯಿತೆಂದು ಬ್ರಿಟನ್ನಿನ ದಾಖಲೆಗಳು ತೋರಿಸಿದವು. 2010ರ ಆಗಸ್ಟ್‌ನಲ್ಲಿ ಕಂಪನಿಯು ಅದನ್ನು ಜಗತ್ತಿನಾದ್ಯಂತ ಹಿಂಪಡೆಯಿತು. 2013ರಲ್ಲಿ ಅಮೆರಿಕದ ಸುಮಾರು 8,000 ರೋಗಿಗಳಿಗಾಗಿ 250 ಕೋಟಿ ಡಾಲರಿನಷ್ಟು ಪರಿಹಾರಕ್ಕೆ ಒಪ್ಪಿತು.

ಭಾರತದಲ್ಲಿಯೂ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಇದೇ ಕೀಲನ್ನು ಬಳಸಲಾಗಿತ್ತು. ಇಲ್ಲಿ ಕೇಂದ್ರ ಸರಕಾರವು ತಜ್ಞರ ಸಮಿತಿಯನ್ನು ನೇಮಿಸಿದ್ದು 2017ರಲ್ಲಿ. ವಯಸ್ಸು ಮತ್ತು ಅಂಗವೈಕಲ್ಯದ ಪ್ರಮಾಣವನ್ನು ನೋಡಿ 30 ಲಕ್ಷದಿಂದ 1.23 ಕೋಟಿ ರೂಪಾಯಿಗಳವರೆಗೆ ಕೊಡಬೇಕೆಂಬ ಸೂತ್ರಕ್ಕೆ 2018ರ ನವೆಂಬರಿನಲ್ಲಿ ಒಪ್ಪಿಗೆ ದೊರೆಯಿತು. ಕಂಪನಿಯು ಅದನ್ನು ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. 2019ರ ಮೇ ತಿಂಗಳಲ್ಲಿ 67 ರೋಗಿಗಳಿಗೆ ತಲಾ 25 ಲಕ್ಷ ಕೊಡಲು ಸಿದ್ಧವೆಂದಿತು. ಉಳಿದವರಲ್ಲಿ ಬಹುಮಂದಿಯ ಸುಳಿವೇ ಸಿಕ್ಕಿರಲಿಲ್ಲ.

ನೊಂದವರು ಕೇಳದಿದ್ದರೆ ಈ ಅಲ್ಪವೂ ದಕ್ಕುತ್ತಿರಲಿಲ್ಲ. ಕಾಯಕವನ್ನೇ ನಂಬಿದ ಮನೆಯಲ್ಲಿ ದುಡಿಯುವ ದೇಹಕ್ಕೆ ಆದ ನಷ್ಟವನ್ನು ತುಂಬಿಸಿಕೊಳ್ಳುವುದು ಆಸೆಬುರುಕತನವೆನಿಸದು. ಪರರ ಸೊತ್ತನ್ನು ಬಯಸುವುದು ತಪ್ಪು. ತನಗೆ ಸಲ್ಲಬೇಕಾದುದನ್ನು ಕೇಳುವುದು ನ್ಯಾಯ.

ಆದರೂ ಕೀಲು ಸೋತ ಮಾತ್ರಕ್ಕೆ ತಯಾರಕನದೇ ತಪ್ಪೆನ್ನಲಾಗದು. ಸೋಂಕು, ಎಲುಬಿನ ದುರ್ಬಲತೆ, ಜೋಡಣೆಯ ಲೋಪಗಳೂ ಕಾರಣವಾಗಬಹುದು. ಆದ್ದರಿಂದ ಮೊದಲು ಬೇರೊಬ್ಬ ತಜ್ಞರ ಲಿಖಿತ ಅಭಿಪ್ರಾಯವನ್ನು ಪಡೆಯತಕ್ಕದ್ದೆಂದು ಆ ತಾಯಿಗೆ ತಿಳಿಸಿದೆವು. ಅವರ ಕೈಯಲ್ಲಿದ್ದುದು ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಒಂದು ಹಾಳೆ ಮಾತ್ರ. ಅದರಲ್ಲಿ ಕೀಲಿನ ಹೆಸರೂ ಇರಲಿಲ್ಲ, ಸಂಖ್ಯೆಯೂ ಇರಲಿಲ್ಲ. ಹಳೆಯ ಕೀಲು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದು. ದಾಖಲೆಗಳಿಗಾಗಿ ಅವರೀಗ ಆಸ್ಪತ್ರೆಗೆ ಅರ್ಜಿ ಕೊಟ್ಟು ಕಾಯುತ್ತಿದ್ದಾರೆ.

ವಾಚಕರು ಇದನ್ನು ಮನಸ್ಸಿನಲ್ಲಿಡಬೇಕು. ಕೀಲಿನ ಪೆಟ್ಟಿಗೆಯಲ್ಲಿ ತಯಾರಕರ ಹೆಸರು, ತಂಡಸಂಖ್ಯೆಗಳುಳ್ಳ ಚೀಟಿ ಇರುತ್ತದೆ. ಅದರ ಒಂದು ಪ್ರತಿಯನ್ನು ಕೇಳಿ ಪಡೆಯಿರಿ. 2002ರ ವೈದ್ಯಕೀಯ ನಿಯಮಗಳಂತೆ ಒಳರೋಗಿಯ ದಾಖಲೆಗಳನ್ನು ವೈದ್ಯರು 3 ವರ್ಷ ಕಾಪಾಡಬೇಕು, ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು. ಕೀಲು ಅದಕ್ಕಿಂತ ಹೆಚ್ಚು ಕಾಲ ದೇಹದಲ್ಲಿರುವುದರಿಂದ ಮನೆಯಲ್ಲಿಯೂ ಪ್ರತಿ ಇರಲೇಬೇಕು. ಮರುಶಸ್ತ್ರಚಿಕಿತ್ಸೆಯಾದರೆ ತೆಗೆದ ಭಾಗವನ್ನು ಎಸೆಯಬಾರದೆಂದು ಮುಂಚಿತವಾಗಿ ಬರೆದುಕೊಡಿ; ಅದೇ ಪ್ರಬಲ ಸಾಕ್ಷ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ತಯಾರಕನನ್ನು ಹೊಣೆಯಾಗಿಸಿದೆ. ದೂರಿಗೆ ಸಾಮಾನ್ಯವಾಗಿ 2 ವರ್ಷಗಳ ಅವಧಿಯುಂಟು.

ಇಂದೇ ಮನೆಯ ಹಿರಿಯರ ಆಸ್ಪತ್ರೆಯ ಕಾಗದಗಳನ್ನು ಒಮ್ಮೆ ತೆರೆದು ನೋಡಿ. ಇಲ್ಲದಿರುವುದನ್ನು ಈಗಲೇ ಕೇಳಿ ಪಡೆಯಿರಿ.