ಖಾಡಿಯ ಕಾವಲು

ಕನ್ನಡ ಸಾಹಿತ್ಯದಲ್ಲಿ ಬೇಟೆಗಾರನಿಗೆ ದೊರೆತಷ್ಟು ಜಾಗ ಕಾವಲುಗಾರನಿಗೆ ದೊರೆತಿಲ್ಲ. ಪಂಪಭಾರತದಲ್ಲಿ ಬೇಟೆಯ ವರ್ಣನೆಯಿದೆ. ರಾಘವಾಂಕನ ಹರಿಶ್ಚಂದ್ರನನ್ನು ಕಷ್ಟದ ದಾರಿಗೆ ಎಳೆದೊಯ್ಯುವುದು ಬೇಟೆಯ ಪ್ರಸಂಗವೇ. ಕುವೆಂಪು ಅವರ ಮಲೆನಾಡಿನ ಚಿತ್ರಗಳಲ್ಲಿ ಶಿಕಾರಿಯ ಸಂಭ್ರಮ ತುಂಬಿದೆ. ತೇಜಸ್ವಿಯವರು ಕೆನೆತ್ ಆಂಡರ್ಸನ್ನನನ್ನು ಕನ್ನಡದ ಮನೆಮನೆಗೆ ಕರೆತಂದರು. ಇನ್ನೂ ಹಿಂದಕ್ಕೆ ಹೋದರೆ, ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು ಕ್ರಿ.ಶ. 949ರಲ್ಲಿ ನಿಲ್ಲಿಸಿದ ವೀರಗಲ್ಲೊಂದಿದೆ. ಹಂದಿಯೊಡನೆ ಹೋರಾಡಿ ಅದನ್ನೂ ಕೊಂದು ತಾನೂ ಸತ್ತ ‘ಕಾಳಿ’ ಎಂಬ ಬೇಟೆನಾಯಿಯ ನೆನಪು ಅದರಲ್ಲಿ ಕೊರೆಯಲ್ಪಟ್ಟಿದೆ. ಬೇಟೆಯ ನಾಯಿಗೂ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಬೇಟೆಯನ್ನು ತಡೆಯುವವನಿಗೆ ಮಾತ್ರ ನಮ್ಮ ಕಾವ್ಯದಲ್ಲಿ ಒಂದು ಹೆಸರೂ ಇಲ್ಲ. ಅರಸನ ಕಾಲದಲ್ಲಿ ಅಂಥವನ ಅಗತ್ಯ ಬೀಳದಿದ್ದುದು ಒಂದು ಕಾರಣವಿರಬಹುದು. ಕಾಡು ಮುಗಿಯಬಹುದೆಂಬ ಭಯವೇ ಇಲ್ಲದ ಜನಕ್ಕೆ ಕಾಡು ಕಾಯುವವನು ಯಾಕೆ ಬೇಕಿತ್ತು?

ಈ ವಿಚಾರ ನಮ್ಮ ತಲೆಗೆ ಹೊಕ್ಕದ್ದು ಬೇಲಾಪುರದ ಖಾಡಿಯ ದಂಡೆಯಲ್ಲಿ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾವು ಇಲ್ಲಿಯವರು. ಕೊಂಕಣ ಭವನ, ಸಿಡ್ಕೊ ಭವನಗಳ ಹಿಂದೆ ಪಾರ್ಸಿಕ್ ಗುಡ್ಡ. ಮುಂದೆ, ಹಳಿಯನ್ನು ದಾಟಿ ಹೋದರೆ, ಹಳೆಯ ಕೋಟೆಯ ಅವಶೇಷ, ಕಾಂಡ್ಲಾ ಕಾಡು, ದಿವಾಳೆಯ ಕೋಳಿಗರ ದೋಣಿಗಳು. ಕುಂದಾಪುರದ ಕಡೆಯಿಂದ ಬಂದ ನಮಗೆ ಕಾಂಡ್ಲಾ ಹೊಸದಲ್ಲ, ಕೆಸರಿನ ವಾಸನೆಯೂ ಹೊಸದಲ್ಲ. ಖಾಕಿ ತೊಟ್ಟವರು ಆ ಕೆಸರನ್ನು ಕಾಯುತ್ತಾರೆಂಬುದು ಮಾತ್ರ ಹೊಸದಾಗಿತ್ತು.

ಮಹಾರಾಷ್ಟ್ರ ಸರಕಾರ 2012ರ ಜನವರಿಯಲ್ಲಿ ಅರಣ್ಯ ಇಲಾಖೆಯಡಿ ಮ್ಯಾಂಗ್ರೋವ್ ಸೆಲ್ ಎಂಬ ಪ್ರತ್ಯೇಕ ಘಟಕವನ್ನು ತೆರೆಯಿತು. 2015ರಲ್ಲಿ ಐರೋಲಿ ಸೇತುವೆಗೂ ವಾಶಿ ಸೇತುವೆಗೂ ನಡುವಣ ಸುಮಾರು 17 ಚದರ ಕಿಲೋಮೀಟರ್ ನೀರು ಮತ್ತು ಕಾಂಡ್ಲಾ, ಠಾಣೆ ಖಾಡಿ ಫ್ಲೆಮಿಂಗೊ ಅಭಯಾರಣ್ಯವಾಯಿತು. 2022ರಲ್ಲಿ ಖಾಡಿಗೆ ರಾಮ್ಸಾರ್ ಮಾನ್ಯತೆಯೂ ದೊರೆಯಿತು. ಹಾರ್ಬರ್ ಲೈನಿನ ಗಾಡಿಯಲ್ಲಿ ಮಾನ್‌ಖುರ್ದ್ ದಾಟಿದ ಮೇಲೆ ಬಾಗಿಲಲ್ಲಿ ನಿಂತವರಿಗೆ ಚಳಿಗಾಲದ ಬೆಳಗ್ಗೆ ದೂರದ ಕೆಸರಿನ ಮೇಲೆ ಮಾಸಲು ಗುಲಾಬಿಯ ಒಂದು ಗೆರೆ ಕಾಣುತ್ತದೆ. ಅದು ಹಕ್ಕಿಗಳ ಸಾಲೆಂದು ತಿಳಿಯುವಷ್ಟರಲ್ಲಿ ವಾಶಿ ಬಂದಿರುತ್ತದೆ.

ನಾವು ಬಲ್ಲ ವನರಕ್ಷಕನೊಬ್ಬ ಅಕ್ಕಲಕೋಟೆ ತಾಲ್ಲೂಕಿನವನು. ಮಹಾರಾಷ್ಟ್ರದ ನೌಕರ, ಮನೆಮಾತು ಕನ್ನಡ. ಮೊದಲ ಸಲ ನಮ್ಮಿಬ್ಬರ ಮಾತು ಕಿವಿಗೆ ಬಿದ್ದಾಗ ಹತ್ತಿರ ಬಂದು, “ಕನ್ನಡದವ್ರೇನ್ರಿ ಕಾಕಾ?” ಎಂದು ಕೇಳಿದವನು, ಆಮೇಲೆ ಸಿಕ್ಕಾಗಲೆಲ್ಲ ನಿಂತು ನಾಲ್ಕು ಮಾತಾಡದೆ ಹೋದದ್ದಿಲ್ಲ. “ನಮ್ಮೂರಾಗ ಕುಡಿಯಾಕ ನೀರಿಲ್ರಿ. ಇಲ್ಲಿ ನೀರ ಕಾಯೂ ನೌಕರಿ ಸಿಕ್ಕೇದ,” ಎಂದು ನಗುತ್ತಾನೆ. ಈಜು ಕಲಿತದ್ದು ನೌಕರಿಗೆ ಸೇರಿದ ಮೇಲೆ.

ಅವನ ಕೆಲಸದ ವೇಳೆಯನ್ನು ನಿಶ್ಚಯಿಸುವುದು ಗಡಿಯಾರವಲ್ಲ, ತಿಥಿ. ಭರತವು ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಕಾಂಡ್ಲಾದ ಕೊರಳವರೆಗೆ ಏರಿ, ಆರು ತಾಸಿನಲ್ಲಿ ದೋಣಿಯನ್ನು ಕೆಸರಿನಲ್ಲಿ ಕೂರಿಸಿ ಇಳಿದುಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಮಂದ. ಇಳಿತದಲ್ಲಿ ಗಸ್ತು ದೋಣಿ ಒಳಹೊಳೆಗಳಿಗೆ ಹೋಗಲಾರದು; ಮೊಳಕಾಲುದ್ದ ಕೆಸರಿನಲ್ಲಿ ನಡೆದೇ ಹೋಗಬೇಕು. ಕಾಂಡ್ಲಾದ ಉಸಿರುಬೇರುಗಳು ಮೊಳೆಗಳ ಹಾಗೆ ಎದ್ದು ನಿಂತಿರುತ್ತವೆ. ಕಡಲ ಹಕ್ಕಿಗಳು ಮೇಯಲು ಇಳಿಯುವುದು ಆ ಹೊತ್ತಿಗೇ. ಅವುಗಳಿಗೆ ಉರುಳು, ಬಲೆ ಒಡ್ಡುವವರು ಬರುವುದೂ ಆ ಹೊತ್ತಿಗೇ. ಕಳ್ಳನಿಗೂ ಕಾವಲುಗಾರನಿಗೂ ಒಂದೇ ಪಂಚಾಂಗ.

ಬೇಟೆ ಎಂಬ ಶಬ್ದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊಡುವ ಅರ್ಥ ನಮ್ಮ ನಿಘಂಟುಗಳು ಕೊಡುವುದಕ್ಕಿಂತ ಬಹಳ ಅಗಲವಾದದ್ದು. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಉರುಳೊಡ್ಡುವುದು, ಸೋವುವುದು, ಹಕ್ಕಿಯ ಮೊಟ್ಟೆಯನ್ನೋ ಗೂಡನ್ನೋ ಕದಡುವುದು, ಇವೆಲ್ಲದರ ಯತ್ನವೂ ಬೇಟೆಯೇ. ಅಪರಾಧಕ್ಕೆ ಬಳಸಿದ ದೋಣಿಯನ್ನು, ವಾಹನವನ್ನು ವಶಪಡಿಸಿಕೊಳ್ಳಬಹುದು. ವಾರಂಟು ಇಲ್ಲದೆ ತಡೆಯುವ, ಶೋಧಿಸುವ ಅಧಿಕಾರವಿದೆ. ಕಾಗದದ ಮೇಲೆ ಇದು ಪೊಲೀಸನಿಗೂ ಅಸೂಯೆ ಹುಟ್ಟಿಸುವ ಅಧಿಕಾರ. ಕೆಸರಿನಲ್ಲಿ, ಒಬ್ಬನೇ, ಕೈಯಲ್ಲೊಂದು ಬಿದಿರ ಕೋಲು ಹಿಡಿದು ನಿಂತಿರುವಾಗ ಅದರ ತೂಕವೆಷ್ಟೆಂಬುದು ಬೇರೆ ಮಾತು.

ಒಂದು ಸಾಮಾನ್ಯ ಬೆಳಗ್ಗೆ ಈ ಖಾಡಿಯ ಒಂದು ದೋಣಿಯ ಮೇಲೆ ಎಷ್ಟು ಕಾನೂನುಗಳು ಸವಾರಿ ಮಾಡುತ್ತವೆಂದು ನಾವು ಲೆಕ್ಕ ಹಾಕಿದ್ದೇವೆ. ಹಕ್ಕಿಯ ಸುದ್ದಿಗೆ ಹೋದರೆ ಅರಣ್ಯ ಇಲಾಖೆ. ಮೀನಿನ ಸುದ್ದಿಗೆ ಮೀನುಗಾರಿಕೆ ಇಲಾಖೆ, 1981ರ ಮಹಾರಾಷ್ಟ್ರ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ. ಜನರನ್ನು ಕೂರಿಸಿಕೊಂಡು ಹೊರಟರೆ ಮೆರಿಟೈಮ್ ಬೋರ್ಡಿನ ಪರವಾನಗಿ. ಮೇಲಾಗಿ, 2008ರ ನವೆಂಬರ್ 26ರಂದು ‘ಕುಬೇರ್’ ಎಂಬ ಮೀನುದೋಣಿಯನ್ನು ಅಪಹರಿಸಿ ಭಯೋತ್ಪಾದಕರು ಮುಂಬಯಿಗೆ ಬಂದಂದಿನಿಂದ ಪ್ರತಿಯೊಂದು ದೋಣಿಯೂ ಪೊಲೀಸರ ಕಣ್ಣಲ್ಲಿ ಒಂದು ಪ್ರಶ್ನೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ಬೇಟೆ ಮತ್ತು ಮೀನು ಎರಡಕ್ಕೂ ಸೇರಿಸಿ 1901ರಲ್ಲಿ ಒಂದೇ ಕಾನೂನಿತ್ತು. ಆ ಸರಳತೆಯನ್ನು ನೆನೆದು ನಿಟ್ಟುಸಿರು ಬಿಡಬೇಕಿಲ್ಲ. ಆಗ ಬೇಟೆಯ ಪರವಾನಗಿ ಯಾರಿಗೆ ಸಿಗುತ್ತಿತ್ತೆಂಬುದು ಊಹಿಸಲಾಗದ ಸಂಗತಿಯೇನಲ್ಲ.

ದೋಣಿಯ ಕಾನೂನು ಎಂದರೆ ಬರಿಯ ಕಾಗದದ ಕಿರುಕುಳವೆಂದು ದಂಡೆಯಲ್ಲಿ ಗೊಣಗುವವರು ಬಹಳ. 2024ರ ಡಿಸೆಂಬರ್ 18ರ ಸಂಜೆಯ ತರುವಾಯ ಆ ಗೊಣಗು ಸ್ವಲ್ಪ ತಗ್ಗಿತು. ಗೇಟ್‌ವೇಯಿಂದ ಎಲಿಫೆಂಟಾ ಗುಹೆಗಳತ್ತ ಹೊರಟಿದ್ದ ‘ನೀಲ್‌ಕಮಲ್’ ದೋಣಿಗೆ ನೌಕಾದಳದ ವೇಗದ ದೋಣಿಯೊಂದು ಬಂದು ಬಡಿದು 15 ಮಂದಿ ಸತ್ತರು. ತಪ್ಪು ಬಡಿದ ದೋಣಿಯದು, ನಿಜ. ಆದರೆ 84 ಪ್ರಯಾಣಿಕರಿಗೆ ಪರವಾನಗಿ ಇದ್ದ ಆ ಲಾಂಚಿನಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು. ಜೀವರಕ್ಷಕ ಜಾಕೀಟು ತೊಟ್ಟೇ ಕೂರಬೇಕೆಂಬ ಕಟ್ಟುನಿಟ್ಟು ಬಂದದ್ದು ಆಮೇಲೆ. ಎಂಬತ್ತನಾಲ್ಕು ಎಂಬ ಅಂಕಿಯನ್ನು ದಂಡೆಯಲ್ಲೇ ಎಣಿಸಿ ನಿಲ್ಲಿಸುವವನೊಬ್ಬ ಇದ್ದಿದ್ದರೆ ಜನ ಅವನನ್ನು ಬೈದುಕೊಂಡೇ ಮನೆಗೆ ಹೋಗುತ್ತಿದ್ದರು.

ಮೀನಿನ ವಿಚಾರಕ್ಕೆ ಬಂದರೆ ನಮ್ಮ ಬಳಗದಲ್ಲೇ ಮಾತು ಬಿಸಿಯಾಗುತ್ತದೆ. ಇಲ್ಲಿಯ ಕನ್ನಡಿಗರಲ್ಲಿ ಕರಾವಳಿಯವರು ಬಹಳ. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಬೋಟಿನ ಕುಟುಂಬದ ನಂಟಿಲ್ಲದ ಮನೆ ಕಡಿಮೆ. ಕರ್ನಾಟಕದ ಬೋಟುಗಳು ರತ್ನಾಗಿರಿ, ಸಿಂಧುದುರ್ಗಗಳ ಸರಹದ್ದಿನಲ್ಲಿ ಬಲೆ ಬೀಸಿ ಗಸ್ತು ದೋಣಿಯ ಕೈಗೆ ಸಿಕ್ಕಿದವೆಂಬ ಸುದ್ದಿ ವರ್ಷವರ್ಷವೂ ಬರುತ್ತದೆ. ಬಂದಾಗಲೆಲ್ಲ, “ಕನ್ನಡದವರೆಂದು ಹಿಡಿದರು,” ಎಂಬ ಮಾತು ಏಳುತ್ತದೆ. ದಿವಾಳೆಯ ದಂಡೆಯಲ್ಲಿ ಬಲೆ ಹೆಣೆಯುತ್ತಿದ್ದ ಮುದುಕ ಕೋಳಿಗನೊಬ್ಬ ಅದೇ ಸುದ್ದಿಯ ಇನ್ನೊಂದು ಮಗ್ಗುಲನ್ನು ನಮಗೆ ಹೇಳಿದ. ದೊಡ್ಡ ಇಂಜಿನಿನ ಟ್ರಾಲರು ಒಂದು ರಾತ್ರಿ ಬಾಚಿಕೊಂಡು ಹೋದದ್ದನ್ನು ಸಣ್ಣ ದೋಣಿಯವನು ಒಂದು ವರ್ಷ ಹುಡುಕಬೇಕು. ಆ ಟ್ರಾಲರು ಮಲ್ಪೆಯದೋ ಮುಂಬಯಿಯದೋ ಎಂದು ಮೀನೇನೂ ಕೇಳುವುದಿಲ್ಲ ಎಂದ. “ತುಮಚಾ ಕರ್ನಾಟಕವಾಲಾ,” ಎಂದು ಮಾತು ಆರಂಭಿಸಿದವನು ನಮ್ಮ ಮುಖ ನೋಡಿ, ಅರ್ಧಕ್ಕೆ ನಿಲ್ಲಿಸಿ, ಚಹಾ ತರಿಸಿದ.

ತೀರದಿಂದ 12 ನಾಟಿಕಲ್ ಮೈಲಿಯವರೆಗೆ ಆಯಾ ರಾಜ್ಯದ ಕಾನೂನು. ಪರವಾನಗಿ ಇಲ್ಲದವನನ್ನು ಹಿಡಿಯುವುದು ಅಲ್ಲಿಯ ಅಧಿಕಾರಿಯ ಕರ್ತವ್ಯ. ಮಹಾರಾಷ್ಟ್ರದ ಬೋಟು ಕಾರವಾರದ ಬಳಿ ಬಲೆ ಹಾಕಿದರೆ ನಮ್ಮವರೂ ಸುಮ್ಮನಿರಬೇಕೆಂದು ಯಾರೂ ವಾದಿಸುವುದಿಲ್ಲ. ಈ ವಾದವನ್ನು ನಾವು ಬಳಗದಲ್ಲಿ ಮುಂದಿಟ್ಟಾಗ, ಊರಿನ ಹೊಟ್ಟೆಪಾಡು ಮರೆತವರೆಂದು ಒಬ್ಬ ಹಿರಿಯರು ಎರಡು ತಿಂಗಳು ನಮ್ಮೊಡನೆ ಮಾತು ಬಿಟ್ಟರು. ಅವರ ಅಳಿಯನ ಬೋಟು ದಂಡ ಕಟ್ಟಿ ಬಂದಿತ್ತು. ದಂಡದ ಮೊತ್ತ ಒಂದು ಹಂಗಾಮಿನ ದುಡಿಮೆ. ಅವರ ಸಿಟ್ಟು ಅಸಹಜವೆಂದು ನಾವು ಹೇಳಲಾರೆವು. ವಾದ ಮಾತ್ರ ಸರಿಯಲ್ಲ. 2017ರಲ್ಲಿ ಕೇಂದ್ರವು ಬೆಳಕು ಹಾಯಿಸಿ ಹಿಡಿಯುವ ಮೀನುಗಾರಿಕೆಯನ್ನೂ ಜೋಡಿ ಬೋಟುಗಳ ಬುಲ್ ಟ್ರಾಲಿಂಗನ್ನೂ ನಿಷೇಧಿಸಿದಾಗ ಅದನ್ನು ಸ್ವಾಗತಿಸಿದವರು ನಮ್ಮ ಕರಾವಳಿಯ ನಾಡದೋಣಿಯವರೇ ಅಲ್ಲವೆ? ಜಗಳ ಕನ್ನಡಕ್ಕೂ ಮರಾಠಿಗೂ ಅಲ್ಲ. ದೊಡ್ಡ ಬಲೆಗೂ ಸಣ್ಣ ಬಲೆಗೂ.

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯುದ್ದಕ್ಕೂ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮೀನು ಮೊಟ್ಟೆಯಿಡುವ ಕಾಲ. ಕೋಳಿಗರಿಗೂ ನಮ್ಮ ಮೊಗವೀರರಿಗೂ ಈ ನಿಯಮ ಸರಕಾರ ಕಲಿಸಿದ್ದೇನಲ್ಲ. ನಾರಳಿ ಪೂರ್ಣಿಮೆಗೆ ಇಲ್ಲಿ, ನೂಲಹುಣ್ಣಿಮೆಗೆ ಅಲ್ಲಿ, ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಸುವ ಪದ್ಧತಿ ಎರಡೂ ಕಡೆ ಇದ್ದೇ ಇತ್ತು. ಒಂದೇ ಹುಣ್ಣಿಮೆಯ ಎರಡು ಹೆಸರು. 2023ರಲ್ಲಿ ಮಹಾರಾಷ್ಟ್ರವು ಬಿಳಿ ಪಾಪ್ಲೆಟ್ಟನ್ನು, ನಮ್ಮ ಮಾಂಜಿಯನ್ನು, ರಾಜ್ಯದ ಮೀನೆಂದು ಸಾರಿತು. ಅದೇ ವರ್ಷ 54 ಜಾತಿಯ ಮೀನುಗಳಿಗೆ ಕನಿಷ್ಠ ಉದ್ದವನ್ನು ಗೊತ್ತುಮಾಡಿ ಆಜ್ಞೆಯನ್ನೂ ಹೊರಡಿಸಿತು. ಆದರೂ ಅಂಗೈಯಷ್ಟೂ ಇಲ್ಲದ ಮಾಂಜಿಯ ಮರಿಗಳು ಬುಟ್ಟಿಯಲ್ಲಿ ಬರುತ್ತಲೇ ಇವೆ, ಅಗ್ಗವೆಂದು ಕೊಳ್ಳುವವರೂ ಇದ್ದಾರೆ. ಅಧಿಕಾರಿ ಅಳತೆಪಟ್ಟಿ ಹಿಡಿದು ಎಷ್ಟು ಬುಟ್ಟಿಗಳನ್ನು ಬಗ್ಗಿ ನೋಡಿಯಾನು? ಮೀನಮ್ಮನೊಡನೆ ನಮ್ಮ ಮನೆಯವರು ಈ ವಿಷಯದಲ್ಲಿ ನಡೆಸುವ ಚೌಕಾಸಿ ಅಳತೆಪಟ್ಟಿಗಿಂತ ಪರಿಣಾಮಕಾರಿ ಎಂದು ನಮ್ಮ ಅನಿಸಿಕೆ.

ಹೊಡೆಯುವ ಕಾನೂನುಗಳ ನಡುವೆ ಕೊಡುವ ಒಂದು ಯೋಜನೆಯೂ ಇದೆ. ಅದರ ಬಗ್ಗೆ ನಮಗೆ ವಿಶೇಷ ಪ್ರೀತಿ. ಬಲೆಗೆ ಕಡಲಾಮೆಯೋ, ಡಾಲ್ಫಿನ್ನೋ, ತಿಮಿಂಗಿಲ ಶಾರ್ಕೋ ಸಿಕ್ಕಿಬಿದ್ದಾಗ ಮೀನುಗಾರ ಬಲೆ ಕತ್ತರಿಸಿ ಅದನ್ನು ಕಡಲಿಗೆ ಬಿಟ್ಟರೆ, ಹಾಳಾದ ಬಲೆಗೆ 25,000 ರೂಪಾಯಿಯವರೆಗೆ ಪರಿಹಾರ ಕೊಡುವ ಏರ್ಪಾಡನ್ನು ಮ್ಯಾಂಗ್ರೋವ್ ಸೆಲ್ ಮತ್ತು ಮೀನುಗಾರಿಕೆ ಇಲಾಖೆ 2018ರ ಡಿಸೆಂಬರಿನಲ್ಲಿ ತಂದವು. ಬಿಟ್ಟುಕೊಟ್ಟದ್ದಕ್ಕೆ ಚಿತ್ರದ ಸಾಕ್ಷಿ ಬೇಕು. ಕೂರ್ಮಾವತಾರಕ್ಕೆ ಕೈಮುಗಿಯುವ ಮೀನುಗಾರ ಮೊದಲೂ ಆಮೆಯನ್ನು ಬಿಡುತ್ತಿದ್ದ. ಆದರೆ ಬಲೆ ಉಳಿಸಿಕೊಂಡು ಬಿಡಲು ಹೆಣಗುವಷ್ಟರಲ್ಲಿ ಆಮೆ ಉಸಿರುಗಟ್ಟುತ್ತಿತ್ತು. ಕತ್ತರಿ ಹಾಕುವ ಧೈರ್ಯ ಬಂದದ್ದು ಈ ದುಡ್ಡಿನಿಂದ.

ಹಕ್ಕಿಗಳ ವಿಷಯ ಇಷ್ಟು ಸುಲಭವಲ್ಲ. ಭರತದಲ್ಲಿ ಖಾಡಿಯ ಕೆಸರು ಮುಳುಗಿದೊಡನೆ ಫ್ಲೆಮಿಂಗೊಗಳು ನೆರೂಳಿನ ಕಡೆಯ ಜೌಗುಗಳಿಗೆ, ಕೆರೆಗಳಿಗೆ ಹಾರಿ ಬರುತ್ತವೆ, ಇಳಿತಕ್ಕೆ ಮರಳುತ್ತವೆ. ಅಭಯಾರಣ್ಯದ ಗೆರೆ ವಾಶಿ ಸೇತುವೆಗೆ ಮುಗಿಯಿತು, ಹಕ್ಕಿಯ ದಿನ ಮುಗಿಯಲಿಲ್ಲ. ಹಕ್ಕಿಯನ್ನು ಕೊಂದವನನ್ನು ಎಲ್ಲಿಯೂ ಹಿಡಿಯಬಹುದು. ಅದು ಕಾಲೂರುವ ನೆಲವನ್ನು ಮುಚ್ಚಿದವನನ್ನು ಹಿಡಿಯಲು ಆ ನೆಲ ಯಾರ ದಫ್ತರದಲ್ಲಿದೆ ಎಂದು ಮೊದಲು ಹುಡುಕಬೇಕು. ಕಾಂಡ್ಲಾ ಕಡಿಯುವುದು ಬದುಕುವ ಹಕ್ಕಿಗೇ ಧಕ್ಕೆಯೆಂದು ಮುಂಬಯಿ ಉಚ್ಚ ನ್ಯಾಯಾಲಯ 2018ರಲ್ಲಿ ಹೇಳಿ, ಸುತ್ತ 50 ಮೀಟರು ಬಿಡಬೇಕೆಂದು ವಿಧಿಸಿದೆ. ರಾತ್ರಿ ಬಂದು ಇಟ್ಟಿಗೆಚೂರು ಸುರಿದು ಹೋಗುವ ಡಂಪರಿನವನು ತೀರ್ಪುಗಳನ್ನು ಓದುವವನಲ್ಲ. 2024ರ ಮೇ 20ರ ರಾತ್ರಿ ದುಬೈಯಿಂದ ಇಳಿಯುತ್ತಿದ್ದ ವಿಮಾನಕ್ಕೆ ಘಾಟ್‌ಕೋಪರಿನ ಮೇಲೆ ಒಂದು ಹಿಂಡು ಸಿಕ್ಕಿ ಸುಮಾರು ನಲವತ್ತು ಫ್ಲೆಮಿಂಗೊಗಳು ಸತ್ತು ಬಿದ್ದವು. ಅಲ್ಲಿ ಬೇಟೆಗಾರನೆಂದು ಯಾರ ಹೆಸರು ಬರೆಯುವುದು? ಬೀದಿಬೀದಿಯಿಂದ ಹೆಣಗಳನ್ನು ಆರಿಸಿದ ಕೆಲಸ ಮಾತ್ರ ಮತ್ತೆ ಅರಣ್ಯ ಸಿಬ್ಬಂದಿಯ ಪಾಲಿಗೇ ಬಂತು.

ಹಿಡಿದ ಮೇಲೂ ಕಥೆ ಮುಗಿಯುವುದಿಲ್ಲ. ಪಂಚನಾಮೆ, ಪಂಚರ ಸಹಿ, ಜಪ್ತಿಯಾದ ಬಲೆಗೆ ಮೊಹರು, ಆಮೇಲೆ ಕೋರ್ಟಿನ ತಾರೀಕುಗಳು. ಪಂಚರಾಗಲು ಊರಿನಲ್ಲಿ ಯಾರೂ ಮುಂದೆ ಬರುವುದಿಲ್ಲ. ಹಿಡಿದವನೂ ಹಿಡಿಸಿಕೊಂಡವನೂ ನಾಳೆ ಅದೇ ಜೆಟ್ಟಿಯಲ್ಲಿ ಚಹಾ ಕುಡಿಯಬೇಕಲ್ಲ. ನಮ್ಮ ಅಕ್ಕಲಕೋಟೆಯವನಿಗೆ ಇದೇ ದೊಡ್ಡ ಸಂಕಟ. “ಉರುಳ ಹಾಕಾಂವ ಬಡವ ಇರ್ತಾನ್ರಿ ಕಾಕಾ. ಅವನ್ನ ಹಿಡದ್ರ ಮನ್ಯಾಗ ನಿದ್ದಿ ಬರಂಗಿಲ್ಲ. ಬಿಟ್ರ ಖಾಡ್ಯಾಗ ಹಕ್ಕಿ ಇರಂಗಿಲ್ಲ.” 1991ರಲ್ಲಿ ಕಾಯ್ದೆಯನ್ನು ತಿದ್ದಿದಾಗ, ಕಡಲ ಸರಹದ್ದನ್ನು ಅಭಯಾರಣ್ಯವೆಂದು ಸಾರುವಾಗ ಸ್ಥಳೀಯ ಮೀನುಗಾರರ ವೃತ್ತಿಯ ಹಿತವನ್ನು ಕಾಯಬೇಕೆಂಬ ಮಾತನ್ನು ಸೇರಿಸಿದ್ದಾರೆ. ಆ ಒಂದು ವಾಕ್ಯವನ್ನು ಬದುಕಿಗೆ ಅನುವಾದಿಸುವ ಹೊಣೆ ಕೊನೆಗೆ ಬೀಳುವುದು ಕೆಸರಿನಲ್ಲಿ ನಿಂತವನ ಹೆಗಲಿಗೆ.

ಕಲ್ಲಿನ ಮೇಲಲ್ಲದಿದ್ದರೂ ಕಾಗದದ ಮೇಲೆ ನಮ್ಮಲ್ಲಿ ಕಾವಲುಗಾರರ ಹೆಸರು ಇಲ್ಲವೇ ಇಲ್ಲವೆಂದಲ್ಲ. ಗೋಪಿನಾಥಂ ಬಳಿ 1991ರ ನವೆಂಬರ್ 10ರಂದು, ವೀರಪ್ಪನ್ ಶರಣಾಗುತ್ತಾನೆಂಬ ಮಾತನ್ನು ನಂಬಿ ಆಯುಧವಿಲ್ಲದೆ ಹೋಗಿ ಹತರಾದ ಪಿ. ಶ್ರೀನಿವಾಸ್ ಅವರನ್ನು ಆ ಊರು ಇನ್ನೂ ನೆನೆಯುತ್ತದೆ. ನಾಗರಹೊಳೆಯ ಕೆ.ಎಂ. ಚಿಣ್ಣಪ್ಪ ಕಳ್ಳಬೇಟೆಗಾರರನ್ನು ಎದುರುಹಾಕಿಕೊಂಡು ಸುಳ್ಳು ಆರೋಪವನ್ನೂ ಸೆರೆಯನ್ನೂ ಕಂಡರು; 1992ರಲ್ಲಿ ಉದ್ರಿಕ್ತರ ಗುಂಪು ಅವರು ಕಾದ ಕಾಡಿಗೇ ಬೆಂಕಿಯಿಟ್ಟಿತು. ಅವರು ತೀರಿಕೊಂಡದ್ದು 2024ರ ಫೆಬ್ರವರಿಯಲ್ಲಿ. ಟಿ.ಎಸ್. ಗೋಪಾಲ್ ಬರೆದ ‘ಕಾಡಿನೊಳಗೊಂದು ಜೀವ’ ಅವರ ಬದುಕಿನ ಕಥನ. ಆ ಪುಸ್ತಕವನ್ನು ನಾವು ವನರಕ್ಷಕನ ಕೈಗೆ ಕೊಟ್ಟೆವು. ಅವನ ಶಾಲೆಯ ಓದು ಕನ್ನಡ ಮಾಧ್ಯಮದಲ್ಲಿ ಏಳನೆಯವರೆಗೆ; ಆಮೇಲೆಲ್ಲ ಮರಾಠಿ. ದೋಣಿಗೆ ನೀರು ಬರುವವರೆಗೆ ಕಾಯುವ ಹೊತ್ತಿನಲ್ಲಿ ಓದುತ್ತಾನಂತೆ, ಬೆರಳಿಟ್ಟು, ನಿಧಾನ.

ಕಳೆದ ವಾರ ಸಿಕ್ಕಾಗ ಎಲ್ಲಿಯವರೆಗೆ ಬಂತೆಂದು ಕೇಳಿದೆವು. ಅರ್ಧ ಆಗಿದೆಯೆಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವ್ರ ಕೈಯಾಗ ಬಂದೂಕರೆ ಇತ್ತಲ್ರಿ,” ಎಂದು ಹೇಳಿ, ಚಪ್ಪಲಿ ಕಳಚಿ ದಂಡೆಯ ಮೇಲಿಟ್ಟು, ಪ್ಯಾಂಟು ಮಡಚಿಕೊಂಡು ಕೆಸರಿಗೆ ಇಳಿದ.