ಕೆಂಪು ಕಟ್ಟಡದೊಳಗೊಂದು ನಾಯಿಗಲ್ಲು

ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಶಾಲಾ ಪ್ರವಾಸದ ಬಸ್ಸು ನಿಂತಿತೆಂದರೆ ಮಕ್ಕಳ ಸಾಲು ನೇರವಾಗಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದೊಳಕ್ಕೆ ನುಗ್ಗುತ್ತದೆ. ಗುಂಡಿ ಒತ್ತಿದರೆ ತಿರುಗುವ ಯಂತ್ರಗಳ ಸೆಳೆತವೇ ಅಂಥದು. ಸನಿಹದಲ್ಲೇ ಇರುವ ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಉಳಿಯುವುದು ಊಟದ ಮುಂಚಿನ ಹತ್ತು ನಿಮಿಷ ಮಾತ್ರ. ಅಲ್ಲಿ ಒತ್ತಲು ಗುಂಡಿಗಳಿಲ್ಲ, ಓದಲು ಕಲ್ಲುಗಳಿವೆ.

ಈ ಸಂಗ್ರಹಾಲಯ ಆರಂಭವಾದದ್ದು 1865ರಲ್ಲಿ. ಅದಕ್ಕೂ ಮುಂಚೆ 1851ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಕಟ್ಟಿದ್ದ ವೈದ್ಯ ಎಡ್ವರ್ಡ್ ಬಾಲ್ಫೋರ್ ಇದಕ್ಕೂ ಕಾರಣಕರ್ತ. ಮೊದಲಿಗೆ ಇದು ದಂಡು ಪ್ರದೇಶದಲ್ಲಿತ್ತು. ಅಲ್ಲಿನ ಮ್ಯೂಸಿಯಂ ರಸ್ತೆಗೆ ಆ ಹೆಸರು ಇಂದಿಗೂ ಅಂಟಿಕೊಂಡಿದೆ. ಈಗಿನ ಕಟ್ಟಡ 1877ರದು. ಅದರ ವಿನ್ಯಾಸಕ ರಿಚರ್ಡ್ ಸ್ಯಾಂಕಿಯ ಹೆಸರು ಸ್ಯಾಂಕಿ ಕೆರೆಯಿಂದಾಗಿ ನಗರದವರಿಗೆಲ್ಲ ಪರಿಚಿತ.

ಒಳಗೆ ಹೊಯ್ಸಳ ಶಿಲ್ಪಗಳಿವೆ, ಚಂದ್ರವಳ್ಳಿಯ ನೆಲದಡಿ ದೊರೆತ ವಸ್ತುಗಳಿವೆ. ಆದರೆ ಮಕ್ಕಳು ತಪ್ಪದೆ ನೋಡಬೇಕಾದದ್ದು ಆತಕೂರಿನ ಕಲ್ಲು. ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದ ಈ ವೀರಗಲ್ಲಿನ ಮೇಲ್ಭಾಗದಲ್ಲಿ ನಾಯಿಯೊಂದು ಕಾಡುಹಂದಿಯೊಡನೆ ಸೆಣಸುತ್ತಿದೆ. ಸುತ್ತಲೂ ಹಳಗನ್ನಡದ ಅಕ್ಷರಗಳು.

ಶಾಸನದ ಕಥೆ ಹೀಗಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗರ ಇಮ್ಮಡಿ ಬೂತುಗನ ನೆರವಿನಿಂದ, ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ. ರಾಜಾದಿತ್ಯ ರಣರಂಗದಲ್ಲೇ ಮಡಿದ. ಬೂತುಗನ ಕಡೆಯ ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದದ್ದನ್ನು ಬೇಡು ಎಂದಾಗ ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಬೇಟೆಯಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಈ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟ. ಒಂದು ಮಹಾಯುದ್ಧದ ಸುದ್ದಿ ನಮ್ಮವರೆಗೆ ಬಂದಿರುವುದು ಒಂದು ನಾಯಿಯ ನೆನಪಿನ ಜೊತೆಯಲ್ಲಿ.

ಇದು ಯಾವಾಗಿನದು? ಇಲ್ಲಿ ಸ್ವಲ್ಪ ಗಣಿತವಿದೆ. ಶಾಸನ ಹೇಳುವುದು ಶಕವರ್ಷ 872, ಸೌಮ್ಯ ಸಂವತ್ಸರ. ವಾಡಿಕೆಯಂತೆ 78 ಕೂಡಿಸಿದರೆ 950 ಬರುತ್ತದೆ. ವಿದ್ವಾಂಸರು ಹೇಳುವುದು ಮಾತ್ರ ಕ್ರಿ.ಶ. 949–50. ಹದಿನಾಲ್ಕು ತುಂಬಿದ ಹುಡುಗ ಹದಿನೈದನೆಯ ವರ್ಷದಲ್ಲಿರುತ್ತಾನಲ್ಲವೇ? ಹಾಗೆಯೇ 872 ಇಲ್ಲಿ ನಡೆಯುತ್ತಿರುವ ವರ್ಷ, ಮುಗಿದದ್ದು 871. ಅದಕ್ಕೆ 78 ಸೇರಿಸಿದರೆ 949. ಆ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಸೌಮ್ಯ. ತಾಳೆ ನೋಡಬೇಕೆ? ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ. 1969ರ ಯುಗಾದಿಗೆ ಆರಂಭವಾದದ್ದೂ ಸೌಮ್ಯವೇ. 1969ರಲ್ಲಿ 949 ಕಳೆದರೆ 1020. ಅದನ್ನು 60ರಿಂದ ಭಾಗಿಸಿದರೆ ಸರಿಯಾಗಿ 17, ಶೇಷ ಸೊನ್ನೆ. ಹಳೆಯ ಪಂಚಾಂಗ ಮತ್ತು ಒಂದು ಪೆನ್ಸಿಲ್ ಇದ್ದರೆ ಹತ್ತನೆಯ ಶತಮಾನದ ಲೆಕ್ಕವನ್ನು ಹೈಸ್ಕೂಲು ವಿದ್ಯಾರ್ಥಿಯೇ ಪರೀಕ್ಷಿಸಬಹುದು.

ಪಾಲಕರಿಗೊಂದು ಸೂಚನೆ. ಹೊರಡುವ ಮುನ್ನ ಯಾವ ಕೊಠಡಿಗಳು ತೆರೆದಿವೆ ಎಂದು ವಿಚಾರಿಸಿಕೊಳ್ಳಿ. ಒಂದೇ ದಿನದಲ್ಲಿ ಎಲ್ಲವನ್ನೂ ತೋರಿಸುವ ಹಟ ಬೇಡ. ಮಕ್ಕಳ ಕೈಗೆ ನೋಟುಪುಸ್ತಕ ಕೊಟ್ಟು ಇಷ್ಟವಾದ ಒಂದೇ ವಸ್ತುವಿನ ಚಿತ್ರ ಬರೆಸಿ. ಕಲ್ಲನ್ನು ಮುಟ್ಟಿ ಸವೆಸುವುದು ಮಾತ್ರ ಬೇಡ. ಸಾವಿರ ವರ್ಷ ಉಳಿದ ಅಕ್ಷರ ನಮ್ಮ ಬೆರಳಿನಿಂದ ಅಳಿಯಬಾರದು.

ದೇಗುಲದ ಪೂಜಾರಿ ಈ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಶಾಸನ ವಿಧಿಸಿದೆ. ಕಲ್ಲು ಊರು ಬಿಟ್ಟು ಬಂದ ಮೇಲೆ ಆ ಪೂಜೆ ಸಲ್ಲುತ್ತಿಲ್ಲ. ಅದರ ಮುಂದೆ ನಿಂತು ಕಾಳಿಯ ಕಥೆಯನ್ನು ಮಕ್ಕಳಿಗೆ ಹೇಳಿ, ಆಮೇಲೆ ಬುತ್ತಿ ಬಿಚ್ಚಿದರಾಯಿತು.