ಹಿಮದ ಕಣಿವೆಯಲ್ಲಿ ‘ಆನೆ’ಗಳ ಜಾತ್ರೆ

ಜರ್ಮನಿಯ ಆಗ್ನೇಯ ಮೂಲೆಯಲ್ಲಿ, ಝೆಕ್ ಗಡಿಗೆ ಸಮೀಪದಲ್ಲಿ, ಬವೇರಿಯನ್ ಕಾಡು ಎಂದು ಕರೆಸಿಕೊಳ್ಳುವ ಗುಡ್ಡಗಾಡು ಸೀಮೆಯಿದೆ. ಅಲ್ಲಿ ಟುರ್ಮಾನ್ಸ್‌ಬಾಂಗ್ ಎಂಬ ಊರು, ಅದರ ಮಗ್ಗುಲಲ್ಲಿ ಸೊಲ್ಲಾ ಎಂಬ ಹಳ್ಳಿ. ಹಸು, ಹುಲ್ಲುಗಾವಲು, ಫರ್ ಮರಗಳು, ಇಗರ್ಜಿಯ ಗಂಟೆ. ಇಷ್ಟೇ ಅಲ್ಲಿನ ವರ್ಷವಿಡೀ ಬಾಳು. ಆದರೆ ಜನವರಿಯ ಕೊನೆಗೋ ಫೆಬ್ರುವರಿಯ ಮೊದಲಿಗೋ ಬರುವ ಒಂದು ವಾರಾಂತ್ಯ ಮಾತ್ರ ಆ ಹಳ್ಳಿಯ ಪಕ್ಕದ ಕಣಿವೆಗೆ ಯುರೋಪಿನ ಮೂಲೆ ಮೂಲೆಗಳಿಂದ ಸಾವಿರಾರು ಮೋಟಾರ್ ಸೈಕಲ್‌ಗಳು ಬಂದಿಳಿಯುತ್ತವೆ. ಸವಾರರು ಹಿಮದ ಮೇಲೆ ಡೇರೆ ಹಾಕಿ, ಬೆಂಕಿ ಒಟ್ಟಿ, ಎರಡು ಮೂರು ರಾತ್ರಿ ಕಳೆದು ಹೋಗುತ್ತಾರೆ. ಇದರ ಹೆಸರು ‘ಎಲೆಫಾಂಟೆನ್‌ಟ್ರೆಫೆನ್’. ಅಂದರೆ ಆನೆಗಳ ಸಮ್ಮಿಲನ!

ಹೆಸರು ಕೇಳಿ ದಸರಾ ಅಂಬಾರಿಯನ್ನು ನೆನೆಸಿಕೊಂಡು ಹೋದವರಿಗೆ ನಿರಾಸೆ ಖಂಡಿತ. ಅಲ್ಲಿ ಒಂದೂ ಆನೆಯಿಲ್ಲ. ಇರುವುದು ಒಂದು ಬೈಕಿನ ನೆನಪು. ನ್ಯೂರೆಂಬರ್ಗಿನ ಝುಂಡಾಪ್ ಕಂಪನಿ 1950ರಲ್ಲಿ ಕೆ.ಎಸ್. 601 ಎಂಬ ಬೈಕನ್ನು ಹೊರತಂದಿತು. 597 ಸಿ.ಸಿ., ಎರಡು ಸಿಲಿಂಡರ್, 28 ಅಶ್ವಶಕ್ತಿ. ಪಕ್ಕಕ್ಕೆ ಸೈಡ್‌ಕಾರ್ ಕಟ್ಟಿ, ಅದರಲ್ಲಿ ಹೆಂಡತಿ ಮಕ್ಕಳು ಗಂಟುಮೂಟೆ ಎಲ್ಲವನ್ನೂ ತುಂಬಿದರೂ ಗೊಣಗದೆ ಎಳೆಯುತ್ತಿತ್ತು. ಹಸಿರು ಬಣ್ಣ ಬೇರೆ. ಜನ ಅದನ್ನು ‘ಹಸಿರು ಆನೆ’ ಎಂದರು. ಎರ್ನ್ಸ್ಟ್ ಲೆವರ್‌ಕುಸ್ ಎಂಬ ಪತ್ರಕರ್ತ, ಮೋಟಾರ್ ಸೈಕಲ್ ಬಗ್ಗೆಯೇ ಬರೆಯುತ್ತಿದ್ದವರು, 1956ರ ಚಳಿಗಾಲದಲ್ಲಿ ಈ ಆನೆಯ ಒಡೆಯರನ್ನೆಲ್ಲ ಸ್ಟುಟ್‌ಗಾರ್ಟ್ ಸಮೀಪದ ಸಾಲಿಟ್ಯೂಡ್ ರೇಸ್ ಹಾದಿಯ ಬಳಿ ಸೇರಲು ಕರೆದರು. ಬಂದವರು ಬೆರಳೆಣಿಕೆಯಷ್ಟು ಜನ. ಆದರೆ ಬೇಸಿಗೆಯಲ್ಲಿ ಯಾರು ಬೇಕಾದರೂ ಬೈಕು ಓಡಿಸಬಹುದು, ಚಳಿಗಾಲದಲ್ಲಿ ಓಡಿಸುವವನೇ ನಿಜವಾದ ಸವಾರ ಎಂಬ ಹಟ ಎಲ್ಲರಿಗೂ ಹಿಡಿಸಿಬಿಟ್ಟಿತು. ಮುಂದೆ ಯಾವ ಬೈಕಿನವರು ಬೇಕಾದರೂ ಬರಬಹುದೆಂದಾಯಿತು. ಅರವತ್ತರ ಮತ್ತು ಎಪ್ಪತ್ತರ ದಶಕಗಳಲ್ಲಿ ಮೇಳ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಡೆಯಿತು. ಅಲ್ಲಿ ಜನಸಾಗರವಾಗಿ, ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ರಿಂಗ್‌ಗೆ ಸರಿದು, ಕೊನೆಗೆ 1989ರಲ್ಲಿ ಈ ಸೊಲ್ಲಾ ಕಣಿವೆಗೆ ಬಂದು ನೆಲೆಸಿತು. ಜರ್ಮನ್ ಮೋಟಾರ್ ಸೈಕಲ್ ಸವಾರರ ಒಕ್ಕೂಟ ಇದನ್ನು ನಡೆಸುತ್ತದೆ. ಕೊರೋನಾ ಕಾಟದಿಂದ 2021ರಲ್ಲಿ ಮೇಳ ನಡೆಯಲಿಲ್ಲ.

ಝುಂಡಾಪ್ ಎಂದರೆ ನಮಗೂ ತೀರ ಪರಕೀಯವಲ್ಲ. ಎಂಬತ್ತರ ದಶಕದಲ್ಲಿ ನಮ್ಮ ಬೀದಿಗಳಲ್ಲಿ ಓಡಾಡಿದ ಎನ್‌ಫೀಲ್ಡ್ ಸಿಲ್ವರ್ ಪ್ಲಸ್, ಎಕ್ಸ್‌ಪ್ಲೋರರ್‌ಗಳು ಇದೇ ಝುಂಡಾಪ್ ವಿನ್ಯಾಸದ ಕೂಸುಗಳು. ಮೂಲ ಕಂಪನಿ ಮಾತ್ರ 1984ರಲ್ಲಿ ದಿವಾಳಿಯೆದ್ದಿತು. ಕಂಪನಿ ಹೋಯಿತು, ಹೆಸರಿನ ಆನೆ ಉಳಿಯಿತು.

ನಾನು ಹೋದದ್ದು ಕೆಲವು ವರ್ಷಗಳ ಹಿಂದೆ, ಕೊಲೋನ್ ನಗರದಲ್ಲಿ ಕೆಲಸದಲ್ಲಿದ್ದಾಗ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಈ ಮೇಳಕ್ಕೆ ಹದಿನೈದು ಸಲ ಹೋಗಿ ಬಂದವರು. ಅವರ ಹಳೆಯ ಬಿ.ಎಂ.ಡಬ್ಲ್ಯು. ಬೈಕಿಗೆ ಬಲಬದಿಯಲ್ಲಿ ಸೈಡ್‌ಕಾರ್ ಇತ್ತು. ‘ಶೋಲೆ’ ಚಿತ್ರದಲ್ಲಿ ಜೈ, ವೀರೂ ಹಾಡುತ್ತ ಹೋಗುತ್ತಾರಲ್ಲ, ಅಂಥದ್ದೇ. ನಮ್ಮಲ್ಲಿ ರಸ್ತೆಯ ಎಡಗಡೆ ಓಡಾಟವಾದ್ದರಿಂದ ಸೈಡ್‌ಕಾರ್ ಎಡಕ್ಕೆ, ಅಲ್ಲಿ ಬಲಕ್ಕೆ. ಆ ವರ್ಷ ಅವರ ಮಗಳೂ ಹೊರಟಿದ್ದಳು. ಹತ್ತೊಂಬತ್ತು ವರ್ಷ, ಇಂಜಿನಿಯರಿಂಗ್ ವಿದ್ಯಾರ್ಥಿನಿ. ಅಪ್ಪನ ಸೈಡ್‌ಕಾರಿನಲ್ಲಿ ಕೂತು ಅಲ್ಲ, ತನ್ನದೇ ಬೈಕಿನಲ್ಲಿ.

“ಹತ್ತೊಂಬತ್ತರ ಹುಡುಗಿಯನ್ನು ಹಿಮದಲ್ಲಿ ಆರುನೂರು ಕಿಲೋಮೀಟರ್ ಬೈಕಿನಲ್ಲಿ ಕಳಿಸುವುದೇ?” ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಅದಕ್ಕೆ ಅವರು ತೋರಿಸಿದ್ದು ಅವಳ ಲೈಸೆನ್ಸನ್ನು. ಜರ್ಮನಿಯಲ್ಲಿ ಹದಿನೆಂಟಕ್ಕೆ ಸಿಗುವುದು ಎ2 ದರ್ಜೆಯ ಲೈಸೆನ್ಸ್. ಹೆಚ್ಚೆಂದರೆ 35 ಕಿಲೋವ್ಯಾಟ್, ಅಂದರೆ ಸುಮಾರು 48 ಅಶ್ವಶಕ್ತಿಯ ಬೈಕು. ಎರಡು ವರ್ಷ ಅದನ್ನು ಓಡಿಸಿ ಮತ್ತೊಂದು ಪರೀಕ್ಷೆ ಪಾಸಾದ ಮೇಲಷ್ಟೇ ದೊಡ್ಡ ಬೈಕು. ಈ ಎ2 ಸಿಗಬೇಕಾದರೂ ಥಿಯರಿ ಪಾಠ, ಪ್ರಥಮ ಚಿಕಿತ್ಸೆಯ ತರಬೇತಿ, ಅದರ ಮೇಲೆ ಕಡ್ಡಾಯವಾದ ಹನ್ನೆರಡು ವಿಶೇಷ ಸವಾರಿಗಳು: ಐದು ಊರಾಚೆಯ ರಸ್ತೆಯಲ್ಲಿ, ನಾಲ್ಕು ಆಟೋಬಾನ್ ಹೆದ್ದಾರಿಯಲ್ಲಿ, ಮೂರು ಕತ್ತಲಲ್ಲಿ. ಪರೀಕ್ಷೆಯಲ್ಲಿ 50 ಕಿ.ಮೀ. ವೇಗದಿಂದ ಗಕ್ಕನೆ ಬ್ರೇಕ್ ಹಾಕಿ ನಿಲ್ಲಿಸಿ ತೋರಿಸಬೇಕು, ಎದುರು ಬಂದ ಅಡ್ಡಿಯನ್ನು ತಪ್ಪಿಸಿ ನುಸುಳಿ ತೋರಿಸಬೇಕು. ನೆಲದ ಮೇಲೆ ‘8’ ಬರೆದು ಕಾಲೂರದೆ ಸುತ್ತಿ ಬಂದರೆ ಮುಗಿಯುವ ನಮ್ಮ ಪರೀಕ್ಷೆ ನೆನಪಾಯಿತು. ಹುಡುಗಿ ಎರಡು ಬೇಸಿಗೆ ರಜೆ ಬೇಕರಿಯಲ್ಲಿ ದುಡಿದು ಆ ಶಾಲೆಯ ಫೀಸು ಕಟ್ಟಿದ್ದಳಂತೆ. “ಫೀಸು ಅವಳದು, ಬೈಕು ಅವಳದು. ಬೇಡ ಅನ್ನುವುದಕ್ಕೆ ನನ್ನ ಹತ್ತಿರ ಏನಿದೆ?” ಎಂದು ನಕ್ಕರು. ನಗು ಅಷ್ಟೇನೂ ಗಟ್ಟಿಯಾಗಿರಲಿಲ್ಲ.

ಕೊಲೋನಿನಿಂದ ಡೆಗೆನ್‌ಡಾರ್ಫ್ ವರೆಗೂ ಒಂದೇ ಹೆದ್ದಾರಿ, ಎ3. ಫ್ರಾಂಕ್‌ಫರ್ಟ್, ರಾಂಟ್‌ಗನ್ 1895ರಲ್ಲಿ ಕ್ಷ-ಕಿರಣ ಕಂಡುಹಿಡಿದ ವುರ್ಜ್‌ಬರ್ಗ್, ನ್ಯೂರೆಂಬರ್ಗ್, ಖಗೋಲ ವಿಜ್ಞಾನಿ ಕೆಪ್ಲರ್ ಕೊನೆಯುಸಿರೆಳೆದ ರೇಗೆನ್ಸ್‌ಬರ್ಗ್, ಹೀಗೆ ಪಠ್ಯಪುಸ್ತಕದ ಹೆಸರುಗಳೆಲ್ಲ ನೀಲಿ ಫಲಕಗಳಾಗಿ ಎದುರು ಬಂದು ಹಿಂದೆ ಸರಿಯುತ್ತವೆ. ಮುಂದೆ ಅವಳು, ಹಿಂದೆ ನಾವು. ಸೈಡ್‌ಕಾರಿನಲ್ಲಿ ಕಂಬಳಿ ಹೊದ್ದು ಕೂತ ನನಗೆ ರಸ್ತೆ ಮೊಣಕೈಯೆತ್ತರದಲ್ಲೇ ಓಡುತ್ತಿತ್ತು. ಲಾರಿಗಳ ಚಕ್ರಗಳು ನನ್ನ ತಲೆಗಿಂತ ಮೇಲೆ!

ಚಳಿಯ ಬಗ್ಗೆ ಒಂದು ಮಾತು. ಥರ್ಮಾಮೀಟರ್ ಮೈನಸ್ 5 ಡಿಗ್ರಿ ತೋರಿಸುವಾಗ 80 ಕಿ.ಮೀ. ವೇಗದಲ್ಲಿ ಹೋದರೆ, ಬರಿಮೈಗೆ ತಾಗುವ ಚಳಿ ಮೈನಸ್ 17ರಷ್ಟು. ಚರ್ಮದ ಸುತ್ತ ಬೆಚ್ಚಗಿನ ಗಾಳಿಯ ತೆಳು ಪದರವೊಂದು ಇರುತ್ತದೆ. ವೇಗದ ಗಾಳಿ ಅದನ್ನು ಕಿತ್ತೊಯ್ಯುತ್ತಲೇ ಇರುವುದರಿಂದ ಹೀಗಾಗುತ್ತದೆ. ಮೊದಲು ಸೋಲುವುದು ಬೆರಳುಗಳು. ಮರಗಟ್ಟಿದ ಬೆರಳಿಗೆ ಬ್ರೇಕನ್ನು ಎಷ್ಟು ಒತ್ತಿದೆನೆಂಬುದು ತಿಳಿಯುವುದಿಲ್ಲ. ಆದ್ದರಿಂದ ಗಂಟೆಗೊಮ್ಮೆ ನಿಲ್ಲುವುದು, ಬಿಸಿ ಸೂಪು ಕುಡಿಯುವುದು, ಇಂಜಿನ್ನಿಗೆ ಕೈ ಕಾಯಿಸುವುದು. ಹಿಡಿಗಳಿಗೆ ಕರೆಂಟಿನ ಬಿಸಿ ಇದ್ದರೂ ಈ ನಿಯಮ ತಪ್ಪಿಸಲಿಲ್ಲ.

ನ್ಯೂರೆಂಬರ್ಗ್‌ನಲ್ಲಿ ರಾತ್ರಿ ತಂಗಿದೆವು. ಊಟದ ಮೇಜಿನಲ್ಲಿ ಅಪ್ಪ ಹವಾಮಾನದ ನಕ್ಷೆ ಬಿಡಿಸಿಟ್ಟರು. ಮರುದಿನ ಮಧ್ಯಾಹ್ನ ಗುಡ್ಡಗಳಲ್ಲಿ ಹೆಪ್ಪುಗಟ್ಟುವ ಮಳೆಯ ಎಚ್ಚರಿಕೆ. ಇದು ಹಿಮದಂತಲ್ಲ. ಮೇಲಿನ ಗಾಳಿಯಲ್ಲಿ ಹನಿಯಾಗಿಯೇ ಇದ್ದ ನೀರು, ಶೂನ್ಯಕ್ಕಿಂತ ತಣ್ಣಗಿರುವ ನೆಲ ಮುಟ್ಟಿದ ಕ್ಷಣ ಗಾಜಾಗುತ್ತದೆ. ಕಣ್ಣಿಗೆ ಒದ್ದೆ ರಸ್ತೆಯಂತೆ ಕಾಣುತ್ತದೆ, ಅಷ್ಟೆ. ಮೂರು ಚಕ್ರದ ಗಾಡಿ ಅದರ ಮೇಲೆ ಜಾರಬಹುದು, ಬೀಳುವುದಿಲ್ಲ. ಎರಡು ಚಕ್ರದ್ದು ಬೀಳುತ್ತದೆ.

ಅಪ್ಪ ಮಗಳ ನಡುವೆ ಜಗಳ ಆಗುತ್ತದೆಂದು ನಾನು ಕಾದೆ. ಆಗಲಿಲ್ಲ. “ಡೆಗೆನ್‌ಡಾರ್ಫ್ ತನಕ ಉಪ್ಪು ಹಾಕಿದ ಹೆದ್ದಾರಿ. ಅಲ್ಲಿಂದ ಮೇಲಕ್ಕೆ ಸುಮಾರು ಮೂವತ್ತೈದು ಕಿಲೋಮೀಟರ್ ಗುಡ್ಡದ ದಾರಿ. ಅಲ್ಲಿ ನಿಂತಾಗ ನೀನೇ ಹೇಳು” ಎಂದಷ್ಟೇ ಹೇಳಿ ಅವರು ನಕ್ಷೆ ಮಡಚಿದರು. ಅವಳು ಉತ್ತರ ಕೊಡಲಿಲ್ಲ. ಆ ರಾತ್ರಿ ಪಕ್ಕದ ಹಾಸಿಗೆಯಲ್ಲಿ ಅವರು ಹೊರಳಾಡುತ್ತಲೇ ಇದ್ದರು.

ಡೆಗೆನ್‌ಡಾರ್ಫ್ ಡ್ಯಾನ್ಯೂಬ್ ನದಿಯ ದಡದ ಊರು. ಬವೇರಿಯನ್ ಕಾಡಿನ ಹೆಬ್ಬಾಗಿಲು. ಅಲ್ಲಿನ ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಸಣ್ಣಗೆ ತುಂತುರು. ಹುಡುಗಿ ಹೆಲ್ಮೆಟ್ ತೆಗೆದು ರಸ್ತೆಯ ಅಂಚಿಗೆ ಹೋದಳು. ಬೂಟಿನ ತುದಿಯಿಂದ ಡಾಂಬರನ್ನು ಒಮ್ಮೆ ಉಜ್ಜಿದಳು, ಇನ್ನೊಮ್ಮೆ ಉಜ್ಜಿದಳು. ಅದೇ ಹೊತ್ತಿಗೆ ಮೂವರು ಇಟಲಿಯವರು ಒಂಟಿ ಬೈಕುಗಳಲ್ಲಿ ಕೇಕೆ ಹಾಕುತ್ತ ಗುಡ್ಡದ ಕಡೆ ಹೋದರು. ಅವಳು ಅವರನ್ನು ಕಣ್ಮರೆಯಾಗುವ ತನಕ ನೋಡಿದಳು. ಅಪ್ಪ ಏನೂ ಕೆಲಸವಿಲ್ಲದಿದ್ದರೂ ಸೈಡ್‌ಕಾರಿನ ಹಗ್ಗ ಬಿಗಿಯುತ್ತಿದ್ದರು. ಐದು ನಿಮಿಷದ ಮೇಲೆ ಅವಳು ಒಳಹೋಗಿ ಬಂಕಿನ ಯಜಮಾನನ ಹತ್ತಿರ ಮಾತಾಡಿ, ಬೈಕನ್ನು ಹಿಂದಿನ ಷೆಡ್ಡಿಗೆ ತಳ್ಳಿ ಬೀಗ ಹಾಕಿ ಬಂದಳು. “ಸೈಡ್‌ಕಾರು ನನಗೆ. ನೀವು ಅಪ್ಪನ ಹಿಂದೆ ಕೂರಿ” ಎಂದಳು ನನಗೆ. ಮುಖದಲ್ಲಿ ಸಿಟ್ಟಿತ್ತು.

ಸೈಡ್‌ಕಾರಿನಲ್ಲಿ ಕೂರುವುದೂ ಒಂದು ಕೆಲಸವೆಂದು ಆಗ ಗೊತ್ತಾಯಿತು. ಬಲಕ್ಕೆ ತಿರುಗುವಾಗ ಬಲಬದಿಯ ಚಕ್ರ ನೆಲ ಬಿಟ್ಟು ಏಳಲು ನೋಡುತ್ತದೆ. ಕೂತವರು ಹೊರಕ್ಕೆ ಬಾಗಿ ಭಾರ ಹಾಕಬೇಕು. ವೇಗ ಹೆಚ್ಚಿಸಿದರೆ ಗಾಡಿ ಸೈಡ್‌ಕಾರಿನ ಕಡೆಗೆ ಎಳೆಯುತ್ತದೆ, ಬ್ರೇಕ್ ಹಾಕಿದರೆ ಅದರ ವಿರುದ್ಧ ದಿಕ್ಕಿಗೆ. ಅಪ್ಪ ಮಗಳು ಒಂದು ಮಾತೂ ಆಡದೆ, ಗಾಣದ ಜೋಡೆತ್ತುಗಳಂತೆ ಇದನ್ನೆಲ್ಲ ನಿಭಾಯಿಸಿದರು. ಒಂದು ಏರು ತಿರುವಿನಲ್ಲಿ ಇಡೀ ಗಾಡಿ ಅಡ್ಡಡ್ಡಕ್ಕೆ ಜಾರಿತು. ಎದುರಿನ ಫರ್ ಮರಗಳು ಪಕ್ಕಕ್ಕೆ ಬಂದವು. ಅವಳು ಅರ್ಧ ಮೈ ಹೊರಗೆ ಚಾಚಿದಳು, ಅವರು ಬ್ರೇಕ್ ಮುಟ್ಟಲಿಲ್ಲ, ಮೂರನೆಯ ಚಕ್ರ ರಸ್ತೆಯಂಚಿನ ಹಿಮಕ್ಕೆ ಕಚ್ಚಿಕೊಂಡು ನಿಂತಿತು. ಸ್ವಲ್ಪ ಮುಂದೆ ಆ ಮೂವರು ಇಟಲಿಯವರಲ್ಲಿ ಒಬ್ಬ ಚರಂಡಿಯಿಂದ ಬೈಕೆತ್ತುತ್ತಿದ್ದ. ಪುಣ್ಯಕ್ಕೆ ಮುರಿದದ್ದು ಕನ್ನಡಿ ಮಾತ್ರ. ನಾವು ಮೂವರೂ ಇಳಿದು ಕೈಜೋಡಿಸಿದೆವು. ಅವನು ನಗುತ್ತ ಮತ್ತೆ ಹತ್ತಿ ಹೊರಟೇಬಿಟ್ಟ!

ಕಣಿವೆಗೆ ಜನ ಇಟ್ಟ ಹೆಸರು ‘ಮಾಟಗಾತಿಯ ಕಡಾಯಿ’. ಕತ್ತಲಾದ ಮೇಲೆ ಮೇಲಿನಿಂದ ನೋಡಿದರೆ ಅದಕ್ಕಿಂತ ಸರಿಯಾದ ಹೆಸರು ಹೊಳೆಯುವುದಿಲ್ಲ. ಬೋಗುಣಿಯಂಥ ತಗ್ಗು, ತುಂಬ ನೂರಾರು ಬೆಂಕಿಗಳು, ಹೊಗೆ, ಇಂಜಿನ್ನುಗಳ ಗುಡುಗು. ಹೋಟೆಲ್ ಇಲ್ಲ, ಡೇರೆಗಳಿಗೆ ವಿದ್ಯುತ್ ಇಲ್ಲ. ವ್ಯವಸ್ಥಾಪಕರು ಹುಲ್ಲಿನ ಕಂತೆ ಮತ್ತು ಸೌದೆ ಮಾರುತ್ತಾರೆ. ಹಿಮದ ಮೇಲೆ ಗೇಣೆತ್ತರ ಹುಲ್ಲು ಹಾಸಿ ಅದರ ಮೇಲೆ ಡೇರೆ. ಹುಲ್ಲಿನೊಳಗೆ ಸಿಕ್ಕಿಬಿದ್ದ ಗಾಳಿ ನೆಲದ ಚಳಿಯನ್ನು ತಡೆಯುತ್ತದೆ. ನಮ್ಮ ರೈತರು ಬಣವೆಯ ಮಗ್ಗುಲಲ್ಲಿ ಮಲಗುವುದೂ ಇದಕ್ಕೇ ಅಲ್ಲವೇ? ಅನುಭವಸ್ಥರು ಬೈಕಿನ ಬ್ಯಾಟರಿಯನ್ನೇ ಬಿಚ್ಚಿ ಮಲಗುವ ಚೀಲದೊಳಗೆ ಇಟ್ಟುಕೊಳ್ಳುತ್ತಾರೆ. ಚಳಿಗೆ ಬ್ಯಾಟರಿಯ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಇಂಜಿನ್ ಆಯಿಲ್ ಜೇನಿನಂತೆ ಗಟ್ಟಿಯಾಗುತ್ತದೆ. ಬೆಳಿಗ್ಗೆ ಸ್ವಿಚ್ ಒತ್ತಿದರೆ ‘ಟಕ್’ ಎಂಬ ಸದ್ದೊಂದೇ. ಕಿಕ್ ಹೊಡೆಯುವ ಹಳೆಯ ಗಾಡಿಗಳವರು ಆಗ ಮೀಸೆ ತಿರುವುತ್ತಾರೆ.

ಮರುದಿನ ಸುತ್ತಾಡಿದೆ. ರಷ್ಯಾ ಮೂಲದ ಉರಾಲ್‌ಗಳು, ಪೂರ್ವ ಜರ್ಮನಿಯ ಎಂ.ಝಡ್.ಗಳು, ನಮ್ಮದೇ ಒಂದು ಬುಲೆಟ್, ಒಂದು ಸಾಲಿನ ಕೊನೆಯಲ್ಲಿ ಕೆಂಪು ಜಾವಾ. ಗಡಿ ಹತ್ತಿರವಲ್ಲವೇ, ಝೆಕ್ ಸವಾರರಿಗೆ ಇದು ನೆರೆಮನೆ. ಮೇಳ ಸೊಲ್ಲಾಕ್ಕೆ ಬಂದ 1989ರ ನವೆಂಬರಿನಲ್ಲೇ ಬರ್ಲಿನ್ ಗೋಡೆ ಉರುಳಿ, ಅದುವರೆಗೆ ಮುಳ್ಳುತಂತಿಯ ಆಚೆಯಿದ್ದವರಿಗೂ ದಾರಿ ತೆರೆಯಿತು. ಜಾವಾ ಒಡೆಯನಿಗೆ, ಇದೇ ಗಾಡಿಯನ್ನು 1961ರಿಂದ ನಮ್ಮ ಮೈಸೂರಿನಲ್ಲಿ ತಯಾರಿಸುತ್ತಿದ್ದರು, ಆಮೇಲೆ ಯೆಜ್ಡಿ ಎಂದು ಹೆಸರಾಗಿ 1996ರವರೆಗೂ ನಡೆಯಿತು ಎಂದೆ. ಅವನು ತಟ್ಟನೆ ಎದ್ದು ಗೋಲಾಶ್ ಸಾರಿನ ಬಟ್ಟಲು ಕೈಗಿತ್ತ. ಭಾಷೆ ಇಬ್ಬರಿಗೂ ಸಾಲದು. ಗಾಡಿಯ ಎರಡು ಸೈಲೆನ್ಸರ್ ತೋರಿಸಿ ನಾನು ಬಾಯಲ್ಲೇ ಸದ್ದು ಮಾಡಿದೆ, ಅವನೂ ಮಾಡಿದ.

ಶನಿವಾರ ಸಂಜೆ ದೀವಟಿಗೆಗಳ ಮೆರವಣಿಗೆ. ರಸ್ತೆಯಲ್ಲಿ ಪ್ರಾಣ ಕಳೆದುಕೊಂಡ ಸವಾರರ ನೆನಪಿಗೆ. ಹಗಲೆಲ್ಲ ಕಿರುಚಾಡಿದ ಗುಂಪು ಆಗ ಸದ್ದಿಲ್ಲದೆ ನಡೆಯಿತು. ಹಿಮದ ಮೇಲೆ ಬೂಟಿನ ಕರಕರ ಬಿಟ್ಟರೆ ಏನೂ ಇಲ್ಲ. ಹುಡುಗಿ ಅಪ್ಪನ ಪಕ್ಕ ಸರಿದು, “ನೀನು ಯಾರಿಗೆ ಹಿಡಿದಿದ್ದೀಯ?” ಎಂದು ಕೇಳಿದಳು. ತಮ್ಮ ಕಾಲೇಜು ದಿನಗಳ ಗೆಳೆಯನೊಬ್ಬನ ಹೆಸರು ಹೇಳಿದರು. ಅವಳು ಹಿಂದೆಂದೂ ಕೇಳಿರದ ಹೆಸರು. ಅವನಿಗೂ ಆಗ ಹತ್ತೊಂಬತ್ತಂತೆ. ಪಶ್ಚಿಮ ಜರ್ಮನಿಯಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು 1976ರಲ್ಲಿ. ಧರಿಸದವರಿಗೆ ದಂಡ ಬಿದ್ದದ್ದು 1980ರಿಂದ. ಆ ನಡುವಿನ ವರ್ಷಗಳಲ್ಲಿ ಹೋದವನು.

ಭಾನುವಾರ ಬೆಳಿಗ್ಗೆ ಬಿಸಿಲು ಬಿತ್ತು. ಉಪ್ಪಿನ ಲಾರಿಗಳು ಓಡಾಡಿ ಗುಡ್ಡದ ರಸ್ತೆ ಕಪ್ಪಗೆ ಒಣಗಿತ್ತು. ಡೆಗೆನ್‌ಡಾರ್ಫಿನ ಬಂಕಿನಲ್ಲಿ ಹುಡುಗಿ ಬೀಗ ತೆಗೆದು, ಚೈನು ಟಯರು ಒಂದೊಂದಾಗಿ ನೋಡಿ, ಬೈಕು ಚಾಲೂ ಮಾಡಿದಳು. ನಾನು ಮತ್ತೆ ಸೈಡ್‌ಕಾರಿನ ಕಂಬಳಿಯೊಳಗೆ ಸೇರಿಕೊಂಡೆ. ಹೆದ್ದಾರಿ ಹತ್ತಿದ ಮೇಲೆ ಅವಳು ಒಮ್ಮೆ ಕೈಯೆತ್ತಿ, ವೇಗ ಹೆಚ್ಚಿಸಿ, ಲಾರಿಗಳ ಸಾಲು ದಾಟಿ ಮುಂದೆ ಹೋದಳು. ಕೆಂಪು ದೀಪ ಚುಕ್ಕಿಯಾಗಿ ಮರೆಯಾಯಿತು. ಅಪ್ಪ ಎಂಬತ್ತರಲ್ಲೇ ಓಡಿಸುತ್ತಿದ್ದರು.